ಯಹೂದಿ ಶಿಶುವಿಹಾರದಲ್ಲಿ ಒಂದು ವರ್ಷ: ಹಬ್ಬ, ಅಕ್ಷರ ಮತ್ತು ಮಾತು



ಮಣ್ಣೆತ್ತಿನ ಅಮವಾಸ್ಯೆಯ ದಿನ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಯಾವುದಾದರೂ ಹಳೆಯ ಓಣಿಗೆ ಹೋಗಿ ನೋಡಿ. ಮೂರು ನಾಲ್ಕು ವರ್ಷದ ಮಗುವೊಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಮಣ್ಣಿನ ಎತ್ತು ಮಾಡುತ್ತಿರುತ್ತದೆ. ಕೋಡು ಮುರಿಯುತ್ತದೆ, ಮತ್ತೆ ಅಂಟಿಸುತ್ತದೆ. ಕೃಷಿಯ ಬಗೆಗೆ ಆ ಮಗುವಿಗೆ ಯಾರೂ ಪಾಠ ಹೇಳಿಲ್ಲ. ಆದರೆ ಮಳೆಗಾಲ ಬಂತೆಂದರೆ ಎತ್ತಿಗೆ ಮರ್ಯಾದೆ ಮಾಡಬೇಕು ಎಂಬುದು ಅದರ ಬೆರಳುಗಳಿಗೆ ತಿಳಿದುಹೋಗಿದೆ. ಮುಂದೆ ಆ ಮಗು ಎಂಜಿನಿಯರಾಗಿ ದೂರದ ಊರಿಗೆ ಹೋದರೂ ಈ ತಿಳಿವಳಿಕೆ ಸುಲಭವಾಗಿ ಅಳಿಯುವುದಿಲ್ಲ.

ಶಾಲೆಗೆ ಹೋಗುವ ಮೊದಲೇ ಮಗು ಕಲಿಯುವ ಇಂಥ ಸಂಗತಿಗಳಿಗೆ ಎಷ್ಟು ಬಲವಿದೆ? ಒಂದು ಸಮುದಾಯವನ್ನು, ಒಂದು ಭಾಷೆಯನ್ನು ಅವು ಉಳಿಸಬಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಇಂದು ಯಹೂದಿ ಸಮುದಾಯದ ಶಿಶುವಿಹಾರಗಳನ್ನು ನೋಡೋಣ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಶಿಶುವಿಹಾರವಿಲ್ಲ. ಆದರೂ ಈ ಸಮುದಾಯ ನಮಗೆ ತೀರ ದೂರದ್ದೇನೂ ಅಲ್ಲ. ಘಟ್ಟ ಇಳಿದರೆ ಸಿಗುವ ಕೊಂಕಣದಲ್ಲಿ ಅವರು ಶತಮಾನಗಳ ಕಾಲ ಬಾಳಿದ್ದಾರೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆಯೂ ಅವರ ಮುಂಬಯಿಯೂ ಒಂದೇ ಆಡಳಿತದ ಕೆಳಗೆ ಇದ್ದವು.

ಪುಸ್ತಕ ಕಳೆದುಕೊಂಡವರು

ಮಹಾರಾಷ್ಟ್ರದ ಕೊಂಕಣ ತೀರದಲ್ಲಿ ನೆಲೆಸಿದ ಯಹೂದಿಗಳಿಗೆ 'ಬೆನೆ ಇಸ್ರೇಲ್' ಎಂದು ಹೆಸರು. 'ಇಸ್ರೇಲನ ಮಕ್ಕಳು' ಎಂದು ಅದರ ಅರ್ಥ. ಬಹಳ ಹಿಂದೆ ಅಲಿಬಾಗ ಸಮೀಪದ ನವಗಾಂವ ಬಳಿ ತಮ್ಮ ಪೂರ್ವಜರ ಹಡಗು ಒಡೆಯಿತು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು, ಧರ್ಮಗ್ರಂಥಗಳೆಲ್ಲ ನೀರುಪಾಲಾದವು ಎಂದು ಅವರ ಪರಂಪರಾಗತ ಕಥೆ ಹೇಳುತ್ತದೆ. ಅವರು ಎಣ್ಣೆ ಗಾಣದ ಕಸುಬು ಹಿಡಿದರು, ಮರಾಠಿಯನ್ನು ಮನೆಮಾತಾಗಿ ಮಾಡಿಕೊಂಡರು. ಶನಿವಾರ ಮಾತ್ರ ಗಾಣ ಹೂಡುತ್ತಿರಲಿಲ್ಲ. ಆದ್ದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರ ಬಿಡುವು ಮಾಡುವ ಗಾಣಿಗರು ಎಂದು ಕರೆದರು.

ಗ್ರಂಥಗಳಿಲ್ಲ, ಹೀಬ್ರೂ ಭಾಷೆ ಮರೆತುಹೋಗಿದೆ. ಹಾಗಾದರೆ ಉಳಿದದ್ದೇನು? ಶನಿವಾರದ ಬಿಡುವು ಉಳಿಯಿತು. ಗಂಡುಮಕ್ಕಳಿಗೆ ಎಂಟನೆಯ ದಿನ ಮಾಡುವ ಸುನ್ನತಿ ಉಳಿಯಿತು. ಒಂದು ಚಿಕ್ಕ ಪ್ರಾರ್ಥನೆ ಉಳಿಯಿತು. ಅಡಿಗೆಮನೆಯ ಕೆಲವು ಕಟ್ಟುಪಾಡುಗಳು ಉಳಿದವು. ಕೊಚ್ಚಿಯ ಕಡೆಯಿಂದ ಬಂದ ದಾವೀದ ರಹಾಬಿ ಎಂಬ ಯಹೂದಿ ಇವರು ನಿಜವಾಗಿ ಯಹೂದಿಗಳೇ ಎಂದು ತಿಳಿಯಲು ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟನಂತೆ. ಅವರು ಹುರುಪೆಯೂ ಈಜುರೆಕ್ಕೆಯೂ ಇರುವ ಮೀನುಗಳನ್ನಷ್ಟೇ ಆರಿಸಿಕೊಂಡು ಉಳಿದವನ್ನು ಪಕ್ಕಕ್ಕೆ ಸರಿಸಿದರಂತೆ. ಯಹೂದಿ ಧರ್ಮದ ಆಹಾರ ನಿಯಮವೂ ಅದೇ. ಪರೀಕ್ಷೆ ಮುಗಿಯಿತು. ಆಮೇಲೆ ಆತ ಅವರಲ್ಲಿ ಮೂವರನ್ನು ಆರಿಸಿ ಧರ್ಮದ ವಿಧಿಗಳನ್ನು ಕಲಿಸಿದನೆಂದು ಸಮುದಾಯ ನಂಬುತ್ತದೆ.

ಈ ಕಥೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಐತಿಹ್ಯ ಎಂಬುದು ಬೇರೆ ಮಾತು. ನೀವು ಗಮನಿಸಬೇಕಾದದ್ದು ಇಷ್ಟು: ಆ ಹೆಂಗಸರಿಗೆ ಮೀನಿನ ನಿಯಮವನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಚಿಕ್ಕಂದಿನಲ್ಲಿ ಅವ್ವನ ಪಕ್ಕದಲ್ಲಿ ಕುಳಿತು ಮೀನು ಆರಿಸುವುದನ್ನು ನೋಡಿ ಕಲಿತಿದ್ದರು.

ಮುಂದೆ 1875ರಲ್ಲಿ ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಬೆನೆ ಇಸ್ರೇಲ್ ಮಕ್ಕಳಿಗಾಗಿ ಶಾಲೆ ತೆರೆದರು. ಮರಾಠಿ, ಇಂಗ್ಲಿಷ್‌ಗಳ ಜೊತೆಗೆ ಹೀಬ್ರೂವನ್ನೂ ಕಲಿಸುವುದು ಅದರ ಉದ್ದೇಶವಾಗಿತ್ತು. ಅದೇ ಶಾಲೆ ನಂತರ ಸರ್ ಎಲಿ ಕದೂರಿ ಶಾಲೆ ಎಂಬ ಹೆಸರು ಪಡೆಯಿತು. 1948ರ ನಂತರ ಬೆನೆ ಇಸ್ರೇಲ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಇಸ್ರೇಲಿಗೆ ಹೋದಂತೆ ಆ ಶಾಲೆಯ ಬೆಂಚುಗಳಲ್ಲಿ ಬೇರೆ ಧರ್ಮಗಳ ಮಕ್ಕಳು ತುಂಬಿದರು. ಇಂದು ಭಾರತದಲ್ಲಿ ಉಳಿದಿರುವ ಯಹೂದಿಗಳು ಐದು ಸಾವಿರದ ಆಸುಪಾಸು.

ಬೆಳಗಿನ ಸುತ್ತು

ಈಗ ಶಿಶುವಿಹಾರದ ಒಳಗೆ ಹೋಗೋಣ. ಅದು ಇಸ್ರೇಲಿನಲ್ಲಿರಲಿ, ಲಂಡನ್ನಿನಲ್ಲಿರಲಿ, ದಿನಚರಿಯ ಚೌಕಟ್ಟು ಬಹುಮಟ್ಟಿಗೆ ಒಂದೇ.

ಮಕ್ಕಳು ಬಂದೊಡನೆ ಆಟ. ಮಣೆ, ಮರದ ತುಂಡು, ಮರಳು, ಬಣ್ಣ, ಸಣ್ಣ ಅಡಿಗೆಮನೆಯ ಸಾಮಾನು. ಸ್ವಲ್ಪ ಹೊತ್ತಿನ ನಂತರ ಎಲ್ಲರೂ ವೃತ್ತಾಕಾರವಾಗಿ ಕೂಡುತ್ತಾರೆ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಇವತ್ತು ಯಾವ ವಾರ, ಹೊರಗೆ ಮಳೆಯೋ ಬಿಸಿಲೋ ಎಂದು ಮಕ್ಕಳೇ ಹೇಳಬೇಕು. ಧಾರ್ಮಿಕ ಶಿಶುವಿಹಾರವಾದರೆ ನಿದ್ದೆಯಿಂದ ಎಬ್ಬಿಸಿದ ದೇವರಿಗೆ ಕೃತಜ್ಞತೆ ಹೇಳುವ ಚಿಕ್ಕ ಪ್ರಾರ್ಥನೆಯನ್ನು ರಾಗವಾಗಿ ಹೇಳುತ್ತಾರೆ.

ಊಟಕ್ಕೆ ಮೊದಲು ಕೈ ತೊಳೆಯುವುದೂ ಒಂದು ಪಾಠ. ಎರಡು ಹಿಡಿಕೆಯ ಪಾತ್ರೆಯಿಂದ ಒಂದು ಕೈಗೆ, ಆಮೇಲೆ ಇನ್ನೊಂದು ಕೈಗೆ ನೀರು ಸುರಿದುಕೊಳ್ಳುತ್ತಾರೆ. ತಿನ್ನುವ ಪದಾರ್ಥಕ್ಕೆ ತಕ್ಕಂತೆ ಹೇಳುವ ಕೃತಜ್ಞತೆಯ ಮಾತೂ ಬೇರೆ ಬೇರೆ. ರೊಟ್ಟಿಗೆ ಒಂದು, ಮರದ ಹಣ್ಣಿಗೆ ಒಂದು, ನೆಲದಲ್ಲಿ ಬೆಳೆಯುವುದಕ್ಕೆ ಮತ್ತೊಂದು. ಇಲ್ಲೊಂದು ಸ್ವಾರಸ್ಯವಿದೆ. ಬಾಳೆಹಣ್ಣಿಗೆ ಯಾವ ಮಾತು ಹೇಳಬೇಕು? ಬಾಳೆ ಮರವಲ್ಲ, ಗೊನೆ ಕಡಿದ ಮೇಲೆ ಆ ಗಿಡ ಉಳಿಯುವುದಿಲ್ಲ. ಆದ್ದರಿಂದ ಬಾಳೆಹಣ್ಣು 'ನೆಲದ ಫಲ'. ಸಸ್ಯಶಾಸ್ತ್ರದ ಪುಸ್ತಕದಲ್ಲಿ ನೀವು ಓದುವ ವಿಚಾರವನ್ನು ನಾಲ್ಕು ವರ್ಷದ ಮಗು ತಿನ್ನುವ ಮೊದಲು ವಿಚಾರ ಮಾಡುತ್ತದೆ.

ಹುಟ್ಟುಹಬ್ಬದ ದಿನ ಮಗುವಿನ ತಲೆಗೆ ಹೂವಿನ ಕಿರೀಟ ಇಡುತ್ತಾರೆ. ಕುರ್ಚಿಯಲ್ಲಿ ಕೂಡಿಸಿ, ಎಷ್ಟು ವರ್ಷವೋ ಅಷ್ಟು ಸಲ ಕುರ್ಚಿಯನ್ನು ಮೇಲೆತ್ತಿ ಇಳಿಸುತ್ತಾರೆ. ಕೊನೆಗೆ ಬರುವ ವರ್ಷಕ್ಕೆಂದು ಇನ್ನೊಂದು ಸಲ ಎತ್ತುತ್ತಾರೆ. ನಾಲ್ಕು ಮುಗಿದ ಮಗುವಿಗೆ ಐದು ಸಲ. ಎಣಿಕೆಯೂ ಆಯಿತು, 'ಕೂಡಿಸು ಒಂದು' ಎಂಬುದೂ ಆಯಿತು.

ಶುಕ್ರವಾರದ ಅಪ್ಪ-ಅವ್ವ

ಯಹೂದಿ ಲೆಕ್ಕದಲ್ಲಿ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ. ಆದ್ದರಿಂದ ವಾರದ ಬಿಡುವಿನ ದಿನವಾದ 'ಶಬ್ಬಾತ್' ಶುಕ್ರವಾರ ಸಂಜೆಗೇ ಹೊಸ್ತಿಲು ತುಳಿಯುತ್ತದೆ. ಮನೆಯಲ್ಲಿ ಸಂಜೆ ನಡೆಯುವುದನ್ನು ಶಿಶುವಿಹಾರದಲ್ಲಿ ಮುಂಜಾನೆಯೇ ಆಡಿ ತೋರಿಸುತ್ತಾರೆ. ಪ್ರತಿ ವಾರ ಒಬ್ಬ ಹುಡುಗ 'ಶಬ್ಬಾತಿನ ಅಪ್ಪ', ಒಬ್ಬ ಹುಡುಗಿ 'ಶಬ್ಬಾತಿನ ಅವ್ವ' ಆಗುತ್ತಾರೆ. ಮೇಜಿನ ಮೇಲೆ ಬಿಳಿ ಬಟ್ಟೆ, ಎರಡು ಮೇಣದ ಬತ್ತಿ, ಜಡೆಯಂತೆ ಹೆಣೆದ 'ಖಲ್ಲಾ' ಎಂಬ ರೊಟ್ಟಿ, ದ್ರಾಕ್ಷಿ ರಸ. ಆ ರೊಟ್ಟಿಯ ಹಿಟ್ಟನ್ನು ಹಲವು ಕಡೆ ಮಕ್ಕಳೇ ನಾದಿ ಹೆಣೆಯುತ್ತಾರೆ.

ಬತ್ತಿ ಹಚ್ಚುವುದಕ್ಕೆ ಮೊದಲು ಮಕ್ಕಳು ಮನೆಯಿಂದ ತಂದ ಒಂದೊಂದು ನಾಣ್ಯವನ್ನು ಡಬ್ಬಿಗೆ ಹಾಕುತ್ತಾರೆ. ಈ ದಾನಕ್ಕೆ ಹೀಬ್ರೂವಿನಲ್ಲಿ 'ತ್ಸೆದಾಕಾ' ಎನ್ನುತ್ತಾರೆ. ಆ ಶಬ್ದ 'ನ್ಯಾಯ' ಎಂಬ ಅರ್ಥದ ಮೂಲದಿಂದ ಬಂದದ್ದು. ಅಂದರೆ ಇಲ್ಲದವರಿಗೆ ಕೊಡುವುದು ದಯೆಯ ಮಾತಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುವುದು. ಡಬ್ಬಿಯೊಳಗೆ ನಾಣ್ಯ ಬೀಳುವ ಸದ್ದಿನೊಡನೆ ಈ ಶಬ್ದವೂ ಮಗುವಿನ ಕಿವಿಗೆ ಬೀಳುತ್ತದೆ. ಅರ್ಥ ಆಮೇಲೆ ಬೆಳೆಯುತ್ತದೆ.

ಜೇನಿನ ಅಕ್ಷರ

ವಿಜಯದಶಮಿಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಹಿರಿಯರು ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವುದನ್ನು ನೀವು ನೋಡಿರುತ್ತೀರಿ. ಮಧ್ಯಯುಗದ ಯುರೋಪಿನ ಯಹೂದಿಗಳಲ್ಲಿಯೂ ಇಂಥದೊಂದು ಸಂಪ್ರದಾಯವಿತ್ತು. ಮಗು ಮೊದಲ ಸಲ ಓದಲು ಹೋದ ದಿನ ಹಲಗೆಯ ಮೇಲೆ ಬರೆದ ಅಕ್ಷರಗಳಿಗೆ ಜೇನು ಸವರಿ, ಅದನ್ನು ನೆಕ್ಕಲು ಹೇಳುತ್ತಿದ್ದರು. ಓದು ಎಂದರೆ ಸಿಹಿ ಎಂದು ನಾಲಿಗೆಗೆ ತಿಳಿಯಲೆಂದು. ಇಂದಿಗೂ ಕೆಲವು ಶಿಶುವಿಹಾರಗಳಲ್ಲಿ ಅಕ್ಷರದ ಆಕಾರದ ಬಿಸ್ಕೀಟು ಮಾಡಿ ಜೇನು ಹಚ್ಚಿ ಕೊಡುತ್ತಾರೆ.

ಹೀಬ್ರೂವಿನಲ್ಲಿ 22 ಅಕ್ಷರಗಳು. ಎಲ್ಲವೂ ವ್ಯಂಜನಗಳು. ಬರೆಯುವುದು ಬಲದಿಂದ ಎಡಕ್ಕೆ. ಸ್ವರಗಳನ್ನು ಚುಕ್ಕೆ, ಗೆರೆಗಳಿಂದ ಹೆಚ್ಚಾಗಿ ಅಕ್ಷರದ ಕೆಳಗೆ ತೋರಿಸುತ್ತಾರೆ. ನಮ್ಮ ಕಾಗುಣಿತದಲ್ಲಿ ತಲೆಕಟ್ಟು, ಇಳಿ, ಕೊಂಬು ವ್ಯಂಜನಕ್ಕೆ ಅಂಟಿಕೊಂಡೇ ಇರುತ್ತವೆ, ತೆಗೆದರೆ ಅಕ್ಷರವೇ ಬೇರೆಯಾಗುತ್ತದೆ. ಹೀಬ್ರೂವಿನಲ್ಲಿ ಹಾಗಲ್ಲ. ಮಕ್ಕಳ ಪುಸ್ತಕದಲ್ಲಿ ಚುಕ್ಕೆಗಳು ಇರುತ್ತವೆ, ದೊಡ್ಡವರ ದಿನಪತ್ರಿಕೆಯಲ್ಲಿ ಇರುವುದಿಲ್ಲ. ಓದುಗ ಸಂದರ್ಭ ನೋಡಿ ಸ್ವರ ತುಂಬಿಕೊಳ್ಳಬೇಕು. ಆದ್ದರಿಂದ ಶಬ್ದ ಮೊದಲೇ ಕಿವಿಗೆ ಪರಿಚಯವಿರದಿದ್ದರೆ ಓದುವುದು ಕಷ್ಟ. ಅಕ್ಷರಕ್ಕಿಂತ ಮೊದಲು ಹಾಡು, ಕಥೆ, ಮಾತು ತುಂಬಬೇಕು ಎಂಬ ಕ್ರಮ ಅಲ್ಲಿ ಲಿಪಿಯ ಗುಣದಿಂದಲೇ ಅಗತ್ಯವಾಗುತ್ತದೆ. ನೋಡಿದರೆ ಇದು ಎಲ್ಲ ಭಾಷೆಗೂ ಒಪ್ಪುವ ಕ್ರಮವೇ.

ಹುಣ್ಣಿವೆಗೆ ಹುಣ್ಣಿವೆ

ಯಹೂದಿ ಹಬ್ಬಗಳನ್ನು ನೆನಪಿಡಲು ನಿಮಗೊಂದು ಸುಲಭ ಉಪಾಯವಿದೆ. ನಮ್ಮ ಪಂಚಾಂಗದಂತೆ ಅವರ ಪಂಚಾಂಗವೂ ಚಂದ್ರನನ್ನು ಹಿಡಿದು ನಡೆಯುತ್ತದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಅಂದರೆ ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಕೊರತೆ ತುಂಬಲು ನಾವು ಅಧಿಕ ಮಾಸ ಸೇರಿಸುತ್ತೇವೆ. ಅವರೂ 19 ವರ್ಷಗಳಲ್ಲಿ ಏಳು ಸಲ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ಅವರ ಹಲವು ದೊಡ್ಡ ಹಬ್ಬಗಳು ತಿಂಗಳ ನಡುವೆ, ಹುಣ್ಣಿವೆಯ ಹೊತ್ತಿಗೆ ಬರುತ್ತವೆ.

ಆದ್ದರಿಂದ 2025ರಲ್ಲಿ ಏನಾಯಿತು ನೋಡಿ. ಫೆಬ್ರವರಿ 12 ನಮಗೆ ಭಾರತ ಹುಣ್ಣಿವೆ. ಅಂದು ಸಂಜೆಗೆ ಅವರ 'ಟು ಬಿಶ್ವಾತ್', ಮರಗಳ ಹೊಸ ವರ್ಷ ಆರಂಭವಾಯಿತು. ಮಾರ್ಚ್ 14 ಹೋಳಿ, ಅದೇ ದಿನ ಅವರ 'ಪೂರಿಮ್'. ಏಪ್ರಿಲ್ 12 ದವನದ ಹುಣ್ಣಿವೆ, ಅಂದೇ ಸಂಜೆ ಅವರ 'ಪೆಸಾಖ್'. ಅಕ್ಟೋಬರ್ 6ರ ಸಂಜೆ ಅವರ 'ಸುಕ್ಕೋತ್', ನಮಗೆ ಶೀಗಿ ಹುಣ್ಣಿವೆ. ಪ್ರತಿ ವರ್ಷ ಹೀಗೆಯೇ ಹೊಂದುತ್ತದೆ ಎಂದು ತಿಳಿಯಬೇಡಿ. ಎರಡೂ ಕಡೆ ಅಧಿಕ ಮಾಸ ಒಂದೇ ಕಾಲಕ್ಕೆ ಬರುವುದಿಲ್ಲ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಇರುವುದರಿಂದ ಶೀಗಿ ಹುಣ್ಣಿವೆ ಅಕ್ಟೋಬರ್ ಕೊನೆಗೆ ಸರಿಯುತ್ತದೆ, ಸುಕ್ಕೋತ್ ಮಾತ್ರ ಸೆಪ್ಟೆಂಬರ್ 25ರ ಸಂಜೆಗೇ ಬರುತ್ತದೆ. ಒಂದು ತಿಂಗಳ ಅಂತರ.

ಈ ಹಬ್ಬಗಳಲ್ಲಿ ಮಕ್ಕಳು ಏನು ಮಾಡುತ್ತಾರೆ?

ಸುಕ್ಕೋತ್ ಹಬ್ಬಕ್ಕೆ ಶಿಶುವಿಹಾರದ ಅಂಗಳದಲ್ಲಿ ಗುಡಿಸಲು ಕಟ್ಟುತ್ತಾರೆ. ಮೇಲ್ಛಾವಣಿಗೆ ಟೊಂಗೆ, ಗರಿ. ಸಂದಿನಲ್ಲಿ ನಕ್ಷತ್ರ ಕಾಣಬೇಕು. ಮಕ್ಕಳು ಕಾಗದದ ಸರ, ಹಣ್ಣಿನ ಗೊಂಚಲು ತೂಗುಹಾಕಿ ಅದರೊಳಗೆ ಊಟ ಮಾಡುತ್ತಾರೆ. ಪೂರ್ವಜರು ಮರುಭೂಮಿಯಲ್ಲಿ ಅಲೆದ ದಿನಗಳ ನೆನಪು ಅದು, ಸುಗ್ಗಿಯ ಹಬ್ಬವೂ ಹೌದು. ಶೀಗಿ ಹುಣ್ಣಿವೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಯಲಿನಲ್ಲಿ ಕುಳಿತು ಉಂಡವರಿಗೆ ಮನೆಯ ಹೊರಗಿನ ಆ ಊಟದ ರುಚಿ ಗೊತ್ತು.

ಡಿಸೆಂಬರಿನ ಸುಮಾರಿಗೆ ಎಂಟು ದಿನಗಳ 'ಹನುಕ್ಕಾ', ದೀಪಗಳ ಹಬ್ಬ. ಮೊದಲ ಸಂಜೆ ಒಂದು ದೀಪ, ಎರಡನೆಯ ಸಂಜೆ ಎರಡು, ಹೀಗೆ ಎಂಟರವರೆಗೆ. ಒಟ್ಟು 36. ಹಚ್ಚಲು ಬಳಸುವ ಸಹಾಯಕ ದೀಪವನ್ನೂ ದಿನಕ್ಕೊಂದರಂತೆ ಸೇರಿಸಿದರೆ 44. ಎಣ್ಣೆಯಲ್ಲಿ ಕರಿದ ತಿಂಡಿ ತಿನ್ನುತ್ತಾರೆ. ನಾಲ್ಕು ಮುಖದ ಬುಗುರಿ ತಿರುಗಿಸುತ್ತಾರೆ. ಅದರ ಮುಖಗಳ ಮೇಲಿನ ನಾಲ್ಕು ಅಕ್ಷರಗಳು 'ಅಲ್ಲಿ ದೊಡ್ಡ ಪವಾಡ ನಡೆಯಿತು' ಎಂಬುದನ್ನು ಸೂಚಿಸುತ್ತವೆ. ಇಸ್ರೇಲಿನ ಬುಗುರಿಯಲ್ಲಿ ಒಂದು ಅಕ್ಷರ ಬೇರೆ, ಅಲ್ಲಿ ಅದು 'ಇಲ್ಲಿ' ಎಂದಾಗುತ್ತದೆ.

ಪೂರಿಮ್ ಮಕ್ಕಳ ಅಚ್ಚುಮೆಚ್ಚಿನ ಹಬ್ಬ. ಅಂದು ವೇಷ ಹಾಕುತ್ತಾರೆ. ಪರ್ಷಿಯಾದಲ್ಲಿ ಯಹೂದಿಗಳ ನಾಶಕ್ಕೆ ಸಂಚು ಮಾಡಿದ ಹಾಮಾನ ಎಂಬ ಮಂತ್ರಿಯ ಕಥೆಯನ್ನು ಓದುವಾಗ ಅವನ ಹೆಸರು ಬಂದಾಗಲೆಲ್ಲ ಗಿಲಕಿ ತಿರುಗಿಸಿ, ಕಾಲು ಬಡಿದು, ಗದ್ದಲವೆಬ್ಬಿಸಿ ಆ ಹೆಸರು ಕೇಳದಂತೆ ಮಾಡುತ್ತಾರೆ. ನೆರೆಹೊರೆಗೆ ಸಿಹಿತಿಂಡಿಯ ಪೊಟ್ಟಣ ಹಂಚುತ್ತಾರೆ. ಕಾಮಣ್ಣನ ಮುಂದೆ ಹಲಗಿ ಬಾರಿಸಿ, ರಂಗಪಂಚಮಿಯವರೆಗೂ ಸಡಗರಪಡುವ ಹುಬ್ಬಳ್ಳಿಯ ಹುಡುಗರಿಗೆ ಈ ಗದ್ದಲ ಹೊಸದೆನಿಸದು. ಕೊಂಕಣದ ಬೆನೆ ಇಸ್ರೇಲರು ಈ ಹಬ್ಬವನ್ನು ಮರಾಠಿಯಲ್ಲಿ ಕರೆಯುತ್ತಿದ್ದದ್ದೇ 'ಹೋಳೀಚಾ ಸಣ' ಎಂದು! ಎರಡು ಹಬ್ಬಗಳ ಕಥೆ ಬೇರೆ, ಅರ್ಥ ಬೇರೆ. ಆದರೆ ಒಂದೇ ಹುಣ್ಣಿವೆಯ ಬೆಳಕಿನಲ್ಲಿ ಎರಡು ಮನೆಗಳ ಮಕ್ಕಳು ಗದ್ದಲ ಮಾಡುತ್ತಿದ್ದುದರಿಂದ ಹೆಸರು ಅಂಟಿಕೊಂಡಿತು.

ಪೆಸಾಖ್, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪು. ಹುದುಗು ಬಂದ ರೊಟ್ಟಿ ಅಂದು ನಿಷಿದ್ಧ. ಮಕ್ಕಳು ಪೊರಕೆ ಹಿಡಿದು ಶಿಶುವಿಹಾರದ ಮೂಲೆ ಮೂಲೆ ಗುಡಿಸಿ ರೊಟ್ಟಿಯ ತುಣುಕು ಹುಡುಕುತ್ತಾರೆ. 'ಮತ್ಸಾ' ಎಂಬ ಹುದುಗಿಲ್ಲದ ತೆಳುರೊಟ್ಟಿ ತಿನ್ನುತ್ತಾರೆ. ಹಬ್ಬದ ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು, ಇಂದಿನ ಊಟ ದಿನದಂತೆ ಏಕಿಲ್ಲ ಎಂಬ ಅರ್ಥದ ನಾಲ್ಕು ಪ್ರಶ್ನೆ ಕೇಳಬೇಕು. ಮಗು ಕೇಳಿದ ಮೇಲೆಯೇ ಹಿರಿಯರು ಕಥೆ ಹೇಳುವುದು. ಆ ಪ್ರಶ್ನೆಗಳನ್ನು ವಾರಗಟ್ಟಲೆ ಅಭ್ಯಾಸ ಮಾಡಿಸುವುದು ಶಿಶುವಿಹಾರದ ಕೆಲಸ. 'ಸುಮ್ಮನೆ ಕೂಡು, ಪ್ರಶ್ನೆ ಕೇಳಬೇಡ' ಎಂದು ಮಕ್ಕಳಿಗೆ ಹೇಳುವ ನಾವು ಇದನ್ನು ಗಮನಿಸಬೇಕು. ಇಲ್ಲಿ ಮಗು ಪ್ರಶ್ನೆ ಕೇಳದಿದ್ದರೆ ಹಬ್ಬ ಮುಂದಕ್ಕೆ ಸಾಗದು.

ಬೆನೆ ಇಸ್ರೇಲರು ಈ ಹಬ್ಬವನ್ನು ಹುಳಿ ಪದಾರ್ಥದ ಗಡಿಗೆಯನ್ನು ಮುಚ್ಚುವ ಹಬ್ಬ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಈಜಿಪ್ಟಿನ ಕಥೆ ಮರೆತುಹೋಗಿತ್ತು. ಹುಳಿ ಬಂದದ್ದನ್ನು ಆ ದಿನಗಳಲ್ಲಿ ಮುಟ್ಟಬಾರದು ಎಂಬುದು ಮಾತ್ರ ಮನೆಯಲ್ಲಿ ಉಳಿದಿತ್ತು. ಕಾರಣ ಕಳೆದುಹೋದರೂ ಗಡಿಗೆಯ ಮೇಲಿನ ಮುಚ್ಚಳ ಕಳೆದುಹೋಗಲಿಲ್ಲ. ಅವರ 'ಮಲಿದಾ' ಎಂಬ ಪೂಜೆಯೂ ಹೀಗೆಯೇ. ಅವಲಕ್ಕಿ, ಬೆಲ್ಲ, ಕೊಬ್ಬರಿ, ಹಣ್ಣು ಕೂಡಿಸಿದ ತಟ್ಟೆಯನ್ನಿಟ್ಟು ಪ್ರವಾದಿ ಎಲಿಯನನ್ನು ಸ್ಮರಿಸುತ್ತಾರೆ. ಜಗತ್ತಿನ ಬೇರೆ ಯಹೂದಿಗಳಲ್ಲಿಲ್ಲದ, ಈ ನೆಲದ ಅವಲಕ್ಕಿಯಿಂದಲೇ ಹುಟ್ಟಿದ ಆಚರಣೆ ಅದು.

ಮಕ್ಕಳಿಂದ ತಾಯಿಗೆ ಬಂದ ಭಾಷೆ

ಈಗ ನಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರೋಣ. ಶಿಶುವಿಹಾರ ಭಾಷೆಯನ್ನು ಉಳಿಸಬಲ್ಲದೇ?

ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1840ರಲ್ಲಿ ತನ್ನ ಪುಟ್ಟ ಶಾಲೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟ. ಹೀಬ್ರೂವಿನಲ್ಲಿ ಅದನ್ನೇ 'ಗಾನ್ ಯೆಲಾದಿಮ್' ಎಂದು ಅನುವಾದಿಸಿದರು. ಅಲ್ಲಿಯ ಶಿಕ್ಷಕಿ 'ಗನ್ನೆನೆತ್', ಎಂದರೆ ತೋಟಗಾರ್ತಿ. ನಮ್ಮ ಭಾಗದಲ್ಲಿ ನಾವು 'ಅಕ್ಕೋರು' ಎನ್ನುತ್ತೇವೆ. ಅವರಿಗೆ ಗಿಡ ನೋಡಿಕೊಳ್ಳುವವಳು ನೆನಪಾದಳು, ನಮಗೆ ಅಕ್ಕ ನೆನಪಾದಳು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೀಬ್ರೂ ಯಾರ ಮನೆಮಾತೂ ಆಗಿರಲಿಲ್ಲ. ಪ್ರಾರ್ಥನೆ, ಗ್ರಂಥ, ಪತ್ರವ್ಯವಹಾರಗಳಲ್ಲಿ ಅದು ಜೀವಂತವಾಗಿತ್ತು. ಆದರೆ ಮಗುವಿಗೆ ಬೈಯಲು, ತರಕಾರಿ ಕೊಳ್ಳಲು, ಜೋಗುಳಕ್ಕೆ ಜನ ಯಿಡ್ಡಿಷ್, ಲದೀನೋ, ಅರೇಬಿಕ್ ಮೊದಲಾದ ಭಾಷೆಗಳನ್ನು ಬಳಸುತ್ತಿದ್ದರು. 1881ರಲ್ಲಿ ಪ್ಯಾಲೆಸ್ಟೈನಿಗೆ ಬಂದ ಎಲಿಯೆಜರ್ ಬೆನ್ ಯೆಹೂದಾ ತನ್ನ ಮನೆಯಲ್ಲಿ ಹೀಬ್ರೂ ಮಾತ್ರ ಆಡಬೇಕೆಂದು ಹಟ ಹಿಡಿದ. 1882ರಲ್ಲಿ ಹುಟ್ಟಿದ ಅವನ ಮಗ ಬೇರೆ ಭಾಷೆ ಕೇಳದಂತೆ ಬೆಳೆದ. ಆದರೆ ಒಂದು ಮನೆಯಿಂದ ಭಾಷೆ ಬೆಳೆಯುವುದಿಲ್ಲ. 1886ರಲ್ಲಿ ರಿಶೋನ್ ಲೆ ತ್ಸಿಯೋನ್ ಎಂಬ ಹೊಸ ಹಳ್ಳಿಯಲ್ಲಿ ಹೀಬ್ರೂ ಶಾಲೆ ಆರಂಭವಾಯಿತು. 1898ರಲ್ಲಿ ಅಲ್ಲಿಯೇ ಹೀಬ್ರೂ ಶಿಶುವಿಹಾರ ಆರಂಭವಾಯಿತು.

ತೊಂದರೆ ಏನೆಂದರೆ, ಧರ್ಮಗ್ರಂಥದಲ್ಲಿ ಯುದ್ಧಕ್ಕೂ ಬಲಿಪೀಠಕ್ಕೂ ಶಬ್ದಗಳಿದ್ದವು, ಮಗುವಿನ ಕೈಯಲ್ಲಿಯ ಗೊಂಬೆಗೆ ಇರಲಿಲ್ಲ. ಟವೆಲ್ಲಿಗೆ, ಸೈಕಲ್ಲಿಗೆ, ಐಸ್‌ಕ್ರೀಮಿಗೆ ಇರಲಿಲ್ಲ. ಬೆನ್ ಯೆಹೂದಾ ಇವಕ್ಕೆಲ್ಲ ಶಬ್ದ ಕಟ್ಟಿದ. ಕಟ್ಟಿದ ಶಬ್ದ ನಿಘಂಟಿನಲ್ಲಿ ಕುಳಿತರೆ ಸಾಲದು, ಮಕ್ಕಳ ಬಾಯಲ್ಲಿ ಹೊರಳಬೇಕು. ತೋಟಗಾರ್ತಿಯರು ಮಾಡಿದ್ದು ಆ ಕೆಲಸ. ಮಕ್ಕಳು ಆಟದಲ್ಲಿ ಕಲಿತ ಮಾತನ್ನು ಮನೆಗೆ ಒಯ್ದರು. ತಾಯಿ ಮಕ್ಕಳಿಂದ ಭಾಷೆ ಕಲಿತಳು. ತಾಯಿಯಿಂದ ಮಗುವಿಗೆ ಬರುವ ಮಾತಿಗೆ ನಾವು ಮಾತೃಭಾಷೆ ಎನ್ನುತ್ತೇವೆ. ಇಲ್ಲಿ ಹೊಳೆ ಹಿಂದಕ್ಕೆ ಹರಿಯಿತು. ಇಂದು ಲಕ್ಷಾಂತರ ಮಕ್ಕಳಿಗೆ ಹೀಬ್ರೂ ತೊಟ್ಟಿಲಿನ ಭಾಷೆ.

ತೆತ್ತ ಬೆಲೆ

ಕಥೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಅದೇ ಶಿಶುವಿಹಾರ ಬೇರೆ ಭಾಷೆಗಳನ್ನು ಒಣಗಿಸಿತು. ಯಿಡ್ಡಿಷ್, ಲದೀನೋ, ಯಹೂದಿಗಳ ಅರೇಬಿಕ್ ಅಲ್ಲಿ ಅಜ್ಜ-ಅಜ್ಜಿಯರ ಮಾತಾಗಿ ಹಿಂದೆ ಸರಿದವು. ಮುಂಬಯಿ, ಕೊಂಕಣಗಳಿಂದ ಹೋದ ಬೆನೆ ಇಸ್ರೇಲ್ ಕುಟುಂಬಗಳು ದಕ್ಷಿಣದ ದಿಮೋನಾ, ಬೀರ್‌ಶೇವಾದಂಥ ಊರುಗಳಲ್ಲಿ ನೆಲೆಸಿದವು. ಮಕ್ಕಳು ಶಿಶುವಿಹಾರದಿಂದ ಹೀಬ್ರೂ ತಂದರು. ಮರಾಠಿ ಅಜ್ಜಿಯ ಅಡಿಗೆಮನೆಗೆ ಸೀಮಿತವಾಯಿತು. ಮರಾಠಿ ಉಳಿಯಲೆಂದು ಆ ಸಮುದಾಯದವರು 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆಯನ್ನು ಇಸ್ರೇಲಿನಿಂದಲೇ ಹೊರಡಿಸಿದರು. ಪತ್ರಿಕೆ ಓದುವವರು ದೊಡ್ಡವರು. ಆಟ ಆಡುವ ಮಕ್ಕಳ ಬಾಯಲ್ಲಿ ಮಾತ್ರ ಹೀಬ್ರೂ.

ಹೀಗೆ ಶಿಶುವಿಹಾರ ಎರಡು ಅಲಗಿನ ಕತ್ತಿ. ಮಲಗಿದ ಭಾಷೆಯನ್ನು ಎಬ್ಬಿಸಬಲ್ಲದು, ಎದ್ದಿರುವ ಭಾಷೆಯನ್ನು ಮಲಗಿಸಲೂ ಬಲ್ಲದು. ಅಲ್ಲಿ ಮಗು ಯಾವ ಭಾಷೆಯಲ್ಲಿ ಜಗಳವಾಡುತ್ತದೆ, ಯಾವ ಭಾಷೆಯಲ್ಲಿ ರಾಜಿಯಾಗುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ನಮ್ಮ ಊರಿಗೆ ಬಂದರೆ

ಧಾರವಾಡಕ್ಕೆ ಈ ಮಾತು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿ ಮೇಲುಗೈಯಾಗಿದ್ದಾಗ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದರು. 1890ರಲ್ಲಿ ಇಲ್ಲಿಯೇ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಗಿನ ಹಿರಿಯರು ಹೋರಾಡಿದ್ದು ಪ್ರಾಥಮಿಕ ಶಾಲೆಗಾಗಿ. ಇಂದು ಪ್ರಶ್ನೆ ಅದಕ್ಕಿಂತ ಕೆಳಗೆ ಇಳಿದಿದೆ. ಒಂದನೆಯ ಇಯತ್ತೆಗೆ ಬರುವ ಮೊದಲೇ ಎರಡು ಮೂರು ವರ್ಷ ಮಗು ಬೇರೆ ಭಾಷೆಯ ಶಿಶುವಿಹಾರದಲ್ಲಿ ಕಳೆದಿರುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪು ಕೊಟ್ಟಿದೆ. ಅಂದರೆ ಆಯ್ಕೆ ತಂದೆತಾಯಿಗಳದು. ಸಾಧ್ಯವಿರುವೆಡೆ ಕನಿಷ್ಠ ಐದನೆಯ ಇಯತ್ತೆಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಲಹೆ ಮಾಡುತ್ತದೆ.

ನಮ್ಮಲ್ಲಿಯೂ ತೋಟಗಳಿವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ತಿರುಮಕೂಡಲು ನರಸೀಪುರವೂ ಅದರಲ್ಲಿತ್ತು. ಅಲ್ಲಿಂದ ಅಂಗನವಾಡಿಗಳು ಊರೂರಿಗೆ ಬಂದವು. 'ಅಂಗಳದ ತೋಟ' ಎಂಬ ಅರ್ಥವೇ ಆ ಹೆಸರಿನಲ್ಲಿದೆ. ಅಂಗನವಾಡಿಯ ಮಕ್ಕಳು ಕನ್ನಡದಲ್ಲಿ ಆಡುತ್ತಾರೆ, ಕನ್ನಡದಲ್ಲಿ ಅಳುತ್ತಾರೆ, ಕೈತೊಳೆದು ಉಣ್ಣುತ್ತಾರೆ. ನಾವು ಅದನ್ನು ಊಟ ಕೊಡುವ ಜಾಗವೆಂದಷ್ಟೇ ತಿಳಿದಿದ್ದರೆ ಆ ತಪ್ಪು ನಮ್ಮದು.

ಇಂಗ್ಲಿಷ್ ಬೇಡವೆಂದು ಈ ಲೇಖನ ಹೇಳುವುದಿಲ್ಲ. ಕೆಹಿಮ್ಕರರ ಶಾಲೆಯಲ್ಲಿಯೂ ಇಂಗ್ಲಿಷ್ ಇತ್ತು. ಬೆನೆ ಇಸ್ರೇಲರ ಮಕ್ಕಳು ಮೂರು ಭಾಷೆ ಕಲಿತು ರೈಲ್ವೆ, ಅಂಚೆ, ಸೈನ್ಯಗಳಲ್ಲಿ ಹೆಸರು ಮಾಡಿದರು. ಹೇಳುವುದು ಇಷ್ಟೇ: ಐದು ವರ್ಷದೊಳಗೆ ಕೈ, ಕಿವಿ, ನಾಲಿಗೆಗಳ ಮೂಲಕ ಒಳಗೆ ಹೋದದ್ದು ಉಳಿಯುತ್ತದೆ. ಪುಸ್ತಕ ಮುಳುಗಿದರೂ ಮೀನು ಆರಿಸುವ ಕೈ ಮುಳುಗಲಿಲ್ಲ. ಏನು ಉಳಿಯಬೇಕೆಂದು ನಿಶ್ಚಯಿಸುವುದು ಆ ವಯಸ್ಸಿನಲ್ಲಿಯೇ, ಅದೂ ನಮಗೆ ಗೊತ್ತಿಲ್ಲದೆಯೇ ಆಗಿಬಿಡುತ್ತದೆ.

ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಮನೆಯ ಹತ್ತಿರದ ಅಂಗನವಾಡಿಗೋ ಬಾಲವಾಡಿಗೋ ಅಲ್ಲಿಯ ಅಕ್ಕೋರ ಒಪ್ಪಿಗೆ ಪಡೆದು ಒಂದು ತಾಸು ಹೋಗಿ ಕುಳಿತುಕೊಳ್ಳಿ. ಮೂರು ಸಂಗತಿ ಬರೆದುಕೊಳ್ಳಿ. ಮಕ್ಕಳು ತಮ್ಮತಮ್ಮಲ್ಲಿ ಯಾವ ಮಾತು ಆಡುತ್ತಾರೆ? ಹಿಂದಿನ ತಿಂಗಳು ಬಂದ ಹಬ್ಬದಲ್ಲಿ ಅವರು ಕೈಯಾರೆ ಏನು ಮಾಡಿದರು? ಒಂದು ತಾಸಿನಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳು ಎಷ್ಟು, ದೊಡ್ಡವರು ಕೇಳಿದ ಪ್ರಶ್ನೆಗಳು ಎಷ್ಟು? ಮನೆಗೆ ಬಂದು ಅಜ್ಜಿಯನ್ನು ಕೇಳಿ: 'ಅಜ್ಜಿ, ನೀನು ಸಾಲಿಗೆ ಹೋಗೂಕಿಂತ ಮೊದಲ ಏನು ಕಲ್ತಿದ್ದಿ?' ಅವರು ಹೇಳುವ ಉತ್ತರದಲ್ಲಿ ಎಷ್ಟು ಭಾಗ ನಿಮ್ಮ ಕೈಗೆ ಬಂದಿದೆ ಎಂಬುದನ್ನೂ ಬರೆದುಕೊಳ್ಳಿ. ಬಾರದೆ ಉಳಿದದ್ದನ್ನು ಅವರಿಂದ ಕಲಿಯಲು ಇನ್ನೂ ಹೊತ್ತು ಮೀರಿಲ್ಲ.